ಹಾರ್ನ್ ಕೂಗ್ತಿಲ್ವಾ? ಫ್ಯೂಸ್‌ನಿಂದ ಶುರು ಮಾಡಿ

ಮುಂಬೈ, ಪುಣೆ ಮಳೇಲಿ ಹಾರ್ನ್ ಕೈಕೊಡೋದು ಹೊಸದೇನಲ್ಲ. ಅದು ಗ್ರಿಲ್ ಹಿಂದೆ ಇರೋದ್ರಿಂದ ನೀರು ಬಡಿಯುತ್ತೆ. ಘಾಟ್ ತಿರುವಿನಲ್ಲಿ ಹಾರ್ನ್ ಇಲ್ಲದಿದ್ರೆ ನೀವು ಬರ್ತಿರೋದು ಎದುರಿನವರಿಗೆ ಗೊತ್ತೇ ಆಗಲ್ಲ.

ಮೊದಲು ಫ್ಯೂಸ್ ನೋಡಿ. ಸುಟ್ಟಿದ್ರೆ ಅಷ್ಟೇ ಆಂಪಿಯರ್‌ನದ್ದು ಹಾಕಿ. ದೊಡ್ಡದು ಹಾಕಿದ್ರೆ ವೈರೇ ಸುಡುತ್ತೆ. ಮತ್ತೆ ಸುಟ್ರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ.

ಫ್ಯೂಸ್ ಸರಿಯಿದ್ರೆ ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಿ. ಆಗಲೂ ಸದ್ದಿಲ್ವಾ? ಹಾರ್ನಿನ ಕನೆಕ್ಟರ್‌ಗೆ 12 ವೋಲ್ಟ್ ಟೆಸ್ಟ್ ಲ್ಯಾಂಪ್ ಹಿಡಿದು, ಒಬ್ಬರಿಗೆ ಹಾರ್ನ್ ಒತ್ತೋಕೆ ಹೇಳಿ. ಉರಿದ್ರೆ ಕರೆಂಟ್ ಬರ್ತಿದೆ. ಅರ್ತ್ ಜಾಗದ ತುಕ್ಕು ಕೆರೀರಿ. ಅದಕ್ಕೂ ಕೂಗದಿದ್ರೆ ಹಾರ್ನೇ ಹೋಗಿದೆ.

ಲ್ಯಾಂಪ್ ಉರೀದೆ ಏರ್‌ಬ್ಯಾಗ್ ಲೈಟೂ ಹತ್ತಿದ್ರೆ, ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ಮೇಲೆ ಅನುಮಾನ. ಅದನ್ನ ಮಾತ್ರ ನೀವೇ ಬಿಚ್ಚಬೇಡಿ, ಏರ್‌ಬ್ಯಾಗ್ ಸಿಡಿಯಬಹುದು. ಸೀದಾ ಗ್ಯಾರೇಜಿಗೆ ಹೋಗಿ.