ಕಂಠದಿಂದ ಕಂಠಕ್ಕೆ: ಮೇಳನಾಯಕ ಪಂಚಾಕ್ಷರಿ ಗವಾಯಿಗಳು



ಪ್ರತಿಷ್ಠಾ ಮಹೋತ್ಸವದ ಈ ಮಂಗಳ ಸಮಯದಲ್ಲಿ ಶಿಲ್ಪಿಯ ಕೈಚಳಕವನ್ನೂ ದಾನಿಗಳ ಔದಾರ್ಯವನ್ನೂ ಎಲ್ಲರೂ ಕೊಂಡಾಡುತ್ತಾರೆ. ಅದು ಯೋಗ್ಯವೇ ಆಗಿದೆ. ಆದರೆ ಮೊದಲ ಸ್ವರವನ್ನೆತ್ತಿ, ನೆರೆದವರನ್ನೆಲ್ಲ ಒಂದೇ ಶ್ರುತಿಗೆ ತರುವ ಭಜನಾಮೇಳದ ನಾಯಕನನ್ನು ನೆನೆಯುವವರು ವಿರಳ.

ಬೆಳಗಾವಿಯ ಸೀಮೆಗೆ ಬಸದಿಗಳು ಹೊಸವಲ್ಲ. ಖಾನಾಪುರ ತಾಲ್ಲೂಕಿನ ಹಲಸಿಯೇ ಕದಂಬರ ಕಾಲದ ಪಲಾಶಿಕಾ ನಗರ. ಅಲ್ಲಿ ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಜಿನಾಲಯವೊಂದನ್ನು ಕಟ್ಟಿಸಿದನು. ಅವನ ಮಗನಾದ ರವಿವರ್ಮನ ಕಾಲದ ತಾಮ್ರಶಾಸನವೊಂದರಲ್ಲಿ ಮೂರು ಏರ್ಪಾಡುಗಳಿವೆ: ಪ್ರತಿವರ್ಷ ಕಾರ್ತಿಕ ಪೂರ್ಣಿಮೆಗೆ ಎಂಟು ದಿನಗಳ ಜಿನೇಂದ್ರ ಮಹಿಮೆಯ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಪೋಷಣೆಯಾಗಬೇಕು, ನಾಡವರೂ ನಗರದವರೂ ಜಿನಪೂಜೆಯನ್ನು ಎಡೆಬಿಡದೆ ನಡೆಸಬೇಕು. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯೂ ಅಂತಹುದೇ ದೂರದೃಷ್ಟಿಯ ಫಲ. ರಟ್ಟರ ಅರಸನಾದ 4ನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರ ಸುಮಾರಿಗೆ ಅದನ್ನು ಕಟ್ಟಿಸಿದನೆಂಬುದು ಪ್ರಸಿದ್ಧವಾಗಿದೆ.

ಕಟ್ಟಡಕ್ಕೆ ಕಲ್ಲು ಸಾಕು, ಪೂಜೆಗೆ ದತ್ತಿ ಸಾಕು. ಹಾಡಿಗೆ ಇವೆರಡೂ ಸಾಲವು. ಗ್ರಾಮದ ಆದಾಯವನ್ನು ಶಾಸನದಲ್ಲಿ ಬರೆಸಿ ಬಿಡಬಹುದು. ರಾಗವನ್ನು ಹಾಗೆ ಬರೆಸಿ ಬಿಡಲಾಗದು. ಅದು ಕಂಠದಿಂದ ಕಂಠಕ್ಕೆ ಸಾಗಬೇಕು. ಒಂದು ತಲೆಮಾರಿನಲ್ಲಿ ಕಲಿಸುವವನು ಇಲ್ಲದೆ ಹೋದರೆ ಸರಪಳಿ ಕಡಿದಂತೆಯೇ. ಈ ಸರಪಳಿಯನ್ನು ಕಾಯುವುದಕ್ಕಾಗಿಯೇ ಬಾಳನ್ನು ಸವೆಸಿದ ಮಹನೀಯರೊಬ್ಬರು ಉತ್ತರ ಕರ್ನಾಟಕದಲ್ಲಿ ಆಗಿಹೋದರು. ಮತ ಬೇರೆಯಾದರೂ ಅವರ ಚರಿತ್ರೆಯು ಎಲ್ಲ ಧರ್ಮದವರಿಗೂ ಮನನೀಯವಾಗಿದೆ. ಅವರೇ ಗದುಗಿನ ಪಂಚಾಕ್ಷರಿ ಗವಾಯಿಗಳು.

ಅವರು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರವರಿ 2ರಂದು ಜನಿಸಿದರು. ಹುಟ್ಟುಹೆಸರು ಗದಿಗಯ್ಯ. ಅವರಿಗೂ ಅವರ ಅಣ್ಣನಿಗೂ ಕಣ್ಣಿನ ಬೆಳಕಿರಲಿಲ್ಲ. ಅಂಧ ಬಾಲಕರ ಪಾಡು ಅಂದಿನ ದಿನಗಳಲ್ಲಿ ಭಿಕ್ಷೆಯಲ್ಲಿಯೇ ಮುಗಿಯಬೇಕಾಗಿತ್ತು. ಆದರೆ ಹಾನಗಲ್ಲ ಕುಮಾರಸ್ವಾಮಿಗಳು ಆ ಕಂಠಗಳಲ್ಲಿ ಅಡಗಿದ್ದ ನಿಧಿಯನ್ನು ಗುರುತಿಸಿ ಸಂಗೀತ ಕಲಿಸುವ ಹೊಣೆಯನ್ನು ಹೊತ್ತರು. ಗದಿಗಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದನು. ಬಳಿಕ ನೀಲಕಂಠಬುವಾ ಮಿರಜಕರರಿಂದ ಹಿಂದುಸ್ತಾನಿ ಪದ್ಧತಿಯನ್ನು ಸಾಧಿಸಿದನು. ಉಭಯ ಪದ್ಧತಿಗಳಲ್ಲಿಯೂ ಪಾಂಡಿತ್ಯ ಪಡೆದವನನ್ನು ನಾಡು ಪಂಚಾಕ್ಷರಿ ಗವಾಯಿಗಳೆಂದು ಕರೆಯಿತು.

ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ತಮ್ಮದೊಂದೇ ಕಂಠದಿಂದ ದೇಶವನ್ನೆಲ್ಲ ಬೆರಗುಗೊಳಿಸಿದರು. ಅಂತಹ ಕೀರ್ತಿ ಗವಾಯಿಗಳಿಗೂ ದುರ್ಲಭವಾಗಿರಲಿಲ್ಲ. ಅವರು ಆರಿಸಿಕೊಂಡುದು ಬೇರೆಯ ಹಾದಿ. ಗುರುಗಳ ಅಪ್ಪಣೆಯಂತೆ ಆಜನ್ಮ ಬ್ರಹ್ಮಚಾರಿಯಾಗಿ ಉಳಿದು, ಅಂಧರನ್ನೂ ಅನಾಥರನ್ನೂ ಬಡ ಮಕ್ಕಳನ್ನೂ ಜಾತಿಭೇದವೆಣಿಸದೆ ಕೂಡಿಸಿಕೊಂಡರು. ಆ ಪಾಠಶಾಲೆಗೆ ಬಹುಕಾಲ ಸ್ವಂತ ಸೂರಿರಲಿಲ್ಲ. ಶಿಷ್ಯರೊಡನೆ ಊರಿಂದ ಊರಿಗೆ ಸಂಚಾರ, ಭಕ್ತರು ನೀಡಿದ ಕಾಳುಕಡಿಯಲ್ಲಿ ಊಟ, ತಂಗಿದಲ್ಲಿಯೇ ಪಾಠ.

ಅಂಧರ ಮೇಳವನ್ನು ನಡೆಸುವುದು ಸುಲಭವಲ್ಲ. ನಾಯಕನ ಕೈಸನ್ನೆ ಹಿಮ್ಮೇಳದವರಿಗೆ ಕಾಣದು. ಪುಸ್ತಕ ನೋಡಿ ಹಾಡುವಂತಿಲ್ಲ. ಪದವನ್ನೂ ಸ್ವರವನ್ನೂ ಕಿವಿಯಿಂದಲೇ ಕಲಿತು ನೆನಪಿನಲ್ಲಿಡಬೇಕು. ಒಬ್ಬನು ಉಸಿರು ತೆಗೆದುಕೊಳ್ಳುವ ಸಪ್ಪಳವೇ ಮತ್ತೊಬ್ಬನಿಗೆ ಸೂಚನೆಯಾಗಬೇಕು. ತಾನು ಹಾಡುವುದಕ್ಕಿಂತ ಇತರರನ್ನು ಆಲಿಸುವುದೇ ಅಲ್ಲಿ ಮೊದಲ ಪಾಠ.

ಗವಾಯಿಗಳ ಹಿರಿಮೆಗೆ ಒಂದು ನಿದರ್ಶನ ಸಾಕು. ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವವು 1936ರಲ್ಲಿ ಹಂಪಿಯಲ್ಲಿ ಜರುಗಿತು. ಅಲ್ಲಿ ಅವರ ಶಿಷ್ಯರಾದ ಬಸವರಾಜ ರಾಜಗುರುಗಳ ಮೊದಲ ಕಛೇರಿ. ತರುಣ ಶಿಷ್ಯನು ಮುಂದೆ ಕುಳಿತು ಹಾಡಿದನು. ಗುರುಗಳು ತಬಲಾ ಸಾಥ್ ನೀಡಿದರು. ಸಭೆಯ ಮೆಚ್ಚುಗೆಯೆಲ್ಲ ಶಿಷ್ಯನಿಗೆ, ತಾಳದ ಹೊಣೆ ಗುರುವಿಗೆ! ಮೇಳನಾಯಕನ ಧರ್ಮವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಗ್ರಂಥ ಹೇಳೀತು?

ಅಲೆದಾಡುತ್ತಿದ್ದ ಪಾಠಶಾಲೆಗೆ ಕೊನೆಗೆ ಗದುಗಿನಲ್ಲಿ ನೆಲೆ ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. 1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಆದರೂ ಹಾಡು ನಿಲ್ಲಲಿಲ್ಲ, ಏಕೆಂದರೆ ಮುಂದಿನ ಕಂಠವು ಆಗಲೇ ಸಿದ್ಧವಾಗಿತ್ತು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡು ಅವರ ಆಶ್ರಯದಲ್ಲಿ ಬೆಳೆದ ಪುಟ್ಟರಾಜ ಗವಾಯಿಗಳು ಆಶ್ರಮದ ಹೊಣೆ ಹೊತ್ತು, 2010ರ ಸೆಪ್ಟೆಂಬರ್ 17ರಂದು ತಾವು ಅಗಲುವವರೆಗೆ, 66 ವರ್ಷಗಳ ಕಾಲ ಅದನ್ನು ಮುನ್ನಡೆಸಿದರು. ಆಶ್ರಮವು ಇಂದಿಗೂ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ನೀಡುತ್ತಿದೆ.

ಪ್ರತಿಯೊಂದು ಬಸದಿಯಲ್ಲಿಯೂ ಮುಂಜಾನೆಯ ಅಭಿಷೇಕಕ್ಕೆ, ಪರ್ವದಿನದ ಆರತಿಗೆ ಮೊದಲ ಸೊಲ್ಲೆತ್ತುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರ ಬದಿಯಲ್ಲಿ ಕುಳಿತು ಎರಡನೆಯ ಸೊಲ್ಲನ್ನು ಕಲಿಯುತ್ತಿರುವ ಬಾಲಕ-ಬಾಲಕಿಯರು ಇರುವರೇ? ಪ್ರತಿಷ್ಠೆಯ ಸಂಭ್ರಮ ಮುಗಿದು ಚಪ್ಪರ ಇಳಿಸಿದ ಮೇಲೆ ಸಮಾಜವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಾಡವರೂ ನಗರದವರೂ ಪೂಜೆಯನ್ನು ಎಡೆಬಿಡದೆ ನಡೆಸಲೆಂದು ಹಲಸಿಯ ಶಾಸನವು ಹೊರಿಸಿದ ಹೊಣೆಯಲ್ಲಿ ಈ ಪಾಠವೂ ಸೇರಿದೆ. ವಾರಕ್ಕೆ ಒಂದು ಸಂಜೆ, ಒಂದು ಹಾರ್ಮೋನಿಯಂ, ತಾಳ್ಮೆಯುಳ್ಳ ಒಬ್ಬ ಹಿರಿಯರು, ಕಲಿಯುವ ಹತ್ತು ಮಕ್ಕಳು: ಇಷ್ಟಿದ್ದರೆ ಬಸದಿಯ ಗೋಡೆಗಳೊಡನೆ ಅದರ ಹಾಡೂ ಮುಂದಿನ ತಲೆಮಾರಿಗೆ ಸಲ್ಲುವುದು.