ಡೇಟಾ ಬಂತು, ಲಾಗಿನ್ ಎಲ್ಲಿ ಹೋಯ್ತು?

ಇವತ್ತಿನ ವಿಷಯ ಕಂಪ್ಯೂಟರ್‌ನವರದ್ದು ಅನ್ನಿಸಬಹುದು. ಆದರೆ ಲೆಕ್ಕ ಬರೆಯೋರಿಗೂ ಆಡಿಟ್ ಮಾಡೋರಿಗೂ ಅಷ್ಟೇ ಸಂಬಂಧ ಇದೆ. ಒಂದು ಡೇಟಾಬೇಸ್ ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಜನರ ಲಾಗಿನ್, ಪಾಸ್‌ವರ್ಡ್‌ಗಳನ್ನು ಹೇಗೆ ಕೊಂಡೊಯ್ಯಬೇಕು? ಬಿ.ಕಾಂ. ಓದಿದ ನನಗೆ ಇದರಲ್ಲಿ ಆಸಕ್ತಿ ಯಾಕೆ ಅನ್ನೋದು ಕೇಳ್ತಾ ಕೇಳ್ತಾ ಗೊತ್ತಾಗುತ್ತೆ.

ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂತಿಟ್ಕೊಳ್ಳಿ. 40 ಜನ ಕೆಲಸಗಾರರು. ಬಿಲ್ಲು, ಸ್ಟಾಕು, ಲೆಡ್ಜರ್ ಎಲ್ಲವೂ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದೆ. ಒಬ್ಬೊಬ್ಬರಿಗೂ ಪ್ರತ್ಯೇಕ ಡೇಟಾಬೇಸ್ ಲಾಗಿನ್. ಹಳೇ ಮಷೀನ್‌ಗೆ ವಯಸ್ಸಾಯ್ತು, ಹೊಸದು ತಂದರು. ಭಾನುವಾರ ಬ್ಯಾಕಪ್ ತೆಗೆದು ಹೊಸದರಲ್ಲಿ ರಿಸ್ಟೋರ್ ಮಾಡಿದರು. ಟ್ರಯಲ್ ಬ್ಯಾಲೆನ್ಸ್ ಪೈಸೆಗೆ ಪೈಸೆ ತಾಳೆ ಆಯ್ತು. ಸೋಮವಾರ ಬೆಳಿಗ್ಗೆ ನೋಡಿದರೆ ಒಬ್ಬರಿಗೂ ಒಳಗೆ ಹೋಗೋಕಾಗ್ತಿಲ್ಲ. ಎಲ್ಲರ ಪರದೆ ಮೇಲೂ 'ಲಾಗಿನ್ ಫೇಲ್ಡ್', ಎರರ್ 18456.

ಆಗಿದ್ದೇನು ಅಂದರೆ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಒಬ್ಬ ವ್ಯಕ್ತಿಯ ವಿವರ ಎರಡು ಕಡೆ ಇರುತ್ತೆ. ಸರ್ವರ್‌ನ ಬಾಗಿಲು ದಾಟಲು ಬೇಕಾದದ್ದು 'ಲಾಗಿನ್'. ಅದು ಮಾಸ್ಟರ್ ಅನ್ನೋ ಡೇಟಾಬೇಸ್‌ನಲ್ಲಿರುತ್ತೆ, ಪಾಸ್‌ವರ್ಡ್ ಕೂಡ ಅಲ್ಲೇ. ಒಳಗಿನ ಒಂದೊಂದು ಡೇಟಾಬೇಸ್‌ನಲ್ಲಿ ಇವರು ಏನು ನೋಡಬಹುದು, ಏನು ತಿದ್ದಬಹುದು ಅಂತ ಹೇಳೋದು 'ಯೂಸರ್'. ಅದು ಆಯಾ ಡೇಟಾಬೇಸ್‌ನಲ್ಲೇ ಇರುತ್ತೆ. ಲೆಕ್ಕದ ಡೇಟಾಬೇಸ್ ಮಾತ್ರ ಬ್ಯಾಕಪ್ ಮಾಡಿ ತಂದರೆ ಯೂಸರ್ ಬರುತ್ತೆ, ಲಾಗಿನ್ ಹಳೇ ಮನೆಯಲ್ಲೇ ಉಳಿಯುತ್ತೆ.

ಸರಿ, ಅದೇ ಹೆಸರಲ್ಲಿ ಹೊಸ ಲಾಗಿನ್ ಮಾಡಿದರೆ ಆಯ್ತಲ್ಲ ಅಂತೀರಿ. ಆಗೋದಿಲ್ಲ. ಈ ಎರಡನ್ನೂ ಜೋಡಿಸೋದು ಹೆಸರಲ್ಲ, ಎಸ್‌ಐಡಿ ಅನ್ನೋ ಒಂದು ಗುರುತಿನ ಸಂಖ್ಯೆ. ಬ್ಯಾಂಕಿನಲ್ಲಿ ಮಂಜುನಾಥ ಅನ್ನೋರು ಹತ್ತು ಜನ ಇರಬಹುದು, ಬ್ಯಾಂಕ್ ನೋಡೋದು ಖಾತೆ ನಂಬರನ್ನೇ ತಾನೇ? ಹಾಗೆ. ಹೊಸ ಲಾಗಿನ್ ಮಾಡಿದಾಗ ಸರ್ವರ್ ಹೊಸ ಎಸ್‌ಐಡಿ ಕೊಡುತ್ತೆ. ಡೇಟಾಬೇಸ್ ಒಳಗಿನ ಯೂಸರ್ ಹತ್ತಿರ ಹಳೇ ಎಸ್‌ಐಡಿ ಇರುತ್ತೆ. ಎರಡೂ ಕೂಡಲ್ಲ. ಇಂಥ ಯೂಸರ್‌ಗೆ 'ಆರ್ಫನ್ಡ್ ಯೂಸರ್' ಅಂತಾರೆ, ಅಂದರೆ ಅನಾಥ.

ಇನ್ನು ಪಾಸ್‌ವರ್ಡ್ ಹೇಗೆ ತರೋದು? ನಿಮ್ಮ ಪಾಸ್‌ವರ್ಡ್ ಏನು ಅಂತ ಸರ್ವರ್‌ಗೂ ಗೊತ್ತಿಲ್ಲ. ಅದು ಇಟ್ಟುಕೊಂಡಿರೋದು ಹ್ಯಾಶ್ ಅನ್ನೋ ಅಚ್ಚು. ಬ್ಯಾಂಕಿನ ಮಾದರಿ ಸಹಿ ಕಾರ್ಡ್ ನೆನಪು ಮಾಡ್ಕೊಳ್ಳಿ. ಶಾಖೆ ಬೇರೆ ಕಟ್ಟಡಕ್ಕೆ ಹೋದರೆ ಗ್ರಾಹಕರನ್ನೆಲ್ಲ ಕರೆಸಿ ಮತ್ತೆ ಸಹಿ ಹಾಕಿಸಲ್ಲ, ಕಾರ್ಡುಗಳನ್ನೇ ಒಯ್ಯುತ್ತಾರೆ. ಇಲ್ಲೂ ಹ್ಯಾಶನ್ನೇ ಒಯ್ಯಬಹುದು. 'ಕ್ರಿಯೇಟ್ ಲಾಗಿನ್' ಆದೇಶದಲ್ಲಿ ಪಾಸ್‌ವರ್ಡ್ ಜಾಗಕ್ಕೆ ಹ್ಯಾಶ್ ಕೊಟ್ಟು, ಪಕ್ಕದಲ್ಲಿ 'ಹ್ಯಾಶ್ಡ್' ಅಂತ ಬರೆದು, ಹಳೇ ಎಸ್‌ಐಡಿಯನ್ನೂ ಕೊಟ್ಟರೆ ಲಾಗಿನ್ ಹಾಗ್ಹಾಗೇ ಹೊಸ ಸರ್ವರ್‌ನಲ್ಲಿ ಕೂರುತ್ತೆ. 40 ಜನಕ್ಕೂ ಕೈಯಲ್ಲಿ ಬರೀಬೇಕಿಲ್ಲ. ಮೈಕ್ರೋಸಾಫ್ಟೇ ಪ್ರಕಟಿಸಿರೋ 'ಎಸ್‌ಪಿ ಹೆಲ್ಪ್ ರೆವ್‌ಲಾಗಿನ್' ಅನ್ನೋ ಪ್ರೊಸೀಜರ್ ಇದನ್ನೆಲ್ಲ ಬರೆದು ಕೊಡುತ್ತೆ. 'ಡಿಬಿಎ ಟೂಲ್ಸ್' ಅನ್ನೋ ಉಚಿತ ಪವರ್‌ಶೆಲ್ ಸಲಕರಣೆಯೂ ಇದೆ.

ಇಷ್ಟು ಸುಲಭ ಇದ್ದರೆ ತೊಂದರೆ ಏನು? ಸೋಮವಾರದ ಗಡಿಬಿಡಿ. ಕೌಂಟರ್ ಮುಂದೆ ಜನ, ಮಾಲೀಕರ ಫೋನ್. ಆಗ ಯಾರೋ ಒಬ್ಬರು ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟುಬಿಡ್ತಾರೆ, ಅಥವಾ ಎಲ್ಲರಿಗೂ ಸಿಸ್‌ಅಡ್ಮಿನ್ ಅಧಿಕಾರ ಕೊಟ್ಟುಬಿಡ್ತಾರೆ. ಹತ್ತು ನಿಮಿಷದಲ್ಲಿ ಕೆಲಸ ಶುರು. ಆಮೇಲೆ ಬದಲಿಸೋಣ ಅಂದಿದ್ದು ಆಮೇಲೆ ಆಗೋದೇ ಇಲ್ಲ.

ನನ್ನ ಆಸಕ್ತಿ ಇರೋದು ಇಲ್ಲೇ. 2023ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಇಡೋ ಕಂಪನಿಗಳಿಗೆ ಆಡಿಟ್ ಟ್ರೇಲ್ ಕಡ್ಡಾಯ. ಪ್ರತಿ ವಹಿವಾಟು, ಪ್ರತಿ ತಿದ್ದುಪಡಿ ದಾಖಲಾಗಬೇಕು, ಆ ದಾಖಲೆಯನ್ನು ನಿಲ್ಲಿಸೋಕೆ ಆಗಬಾರದು. ಎಲ್ಲರ ಪಾಸ್‌ವರ್ಡೂ ಒಂದೇ ಆದ ದಿನದಿಂದ ಆ ದಾಖಲೆಯಲ್ಲಿರೋ ಹೆಸರಿಗೆ ಏನು ಬೆಲೆ? ಕ್ಯಾಷಿಯರ್ ಹೆಸರಲ್ಲಿ ಯಾರು ಬೇಕಾದರೂ ವೋಚರ್ ತಿದ್ದಬಹುದು. ನಾಳೆ ಹಣ ಕಮ್ಮಿ ಬಂದರೆ ಕೈ ತೋರಿಸೋದು ಆ ಕ್ಯಾಷಿಯರ್ ಕಡೆಗೇ. 'ನಾನಲ್ಲ' ಅಂತ ಹೇಳೋಕೆ ಅವರ ಹತ್ತಿರ ಏನೂ ಇರಲ್ಲ. ಲಾಗಿನ್ ಸರಿಯಾಗಿ ಸಾಗಿಸೋದು ಅಂದರೆ ಆ ಮನುಷ್ಯರ ಸಹಿಯ ಮಾನ ಕಾಯೋದು.

ಕೆಲವು ಎಚ್ಚರಿಕೆ ಹೇಳ್ಬೇಕು. ಒಂದು, ಹ್ಯಾಶ್ ಇರೋ ಸ್ಕ್ರಿಪ್ಟ್ ಫೈಲನ್ನು ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಕಳಿಸಬೇಡಿ. ಹ್ಯಾಶ್‌ನಿಂದ ಪಾಸ್‌ವರ್ಡ್ ನೇರವಾಗಿ ತೆಗೆಯೋಕಾಗಲ್ಲ ನಿಜ. ಆದರೆ ಊಹೆ ಮಾಡಿ ಮಾಡಿ ಹೊಂದಿಸಿ ನೋಡಬಹುದು, ಸುಲಭದ ಪಾಸ್‌ವರ್ಡ್ ಬೇಗ ಸಿಕ್ಕಿಬೀಳುತ್ತೆ. 2012ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 65 ಲಕ್ಷ ಹ್ಯಾಶ್‌ಗಳು ಹೊರಬಿದ್ದಾಗ ಆಗಿದ್ದೂ ಇದೇ. ಕೆಲಸ ಮುಗಿದ ಮೇಲೆ ಆ ಫೈಲ್ ಅಳಿಸಿ.

ಎರಡು, ಹಳೇ ಆವೃತ್ತಿಯಿಂದ ಹೊಸದಕ್ಕೆ ಹೋಗಬಹುದು, ಹಿಂದಕ್ಕೆ ಕಷ್ಟ. ಎಸ್‌ಕ್ಯೂಎಲ್ ಸರ್ವರ್ 2012ರಲ್ಲಿ ಹ್ಯಾಶ್ ಮಾಡೋ ವಿಧಾನ ಎಸ್‌ಎಚ್‌ಎ-512 ಆಯ್ತು. ಆ ಹ್ಯಾಶನ್ನು 2008ರ ಸರ್ವರ್ ಒಪ್ಪಲ್ಲ.

ಮೂರು, ಲಾಗಿನ್ ಬಂತು ಅಂದಮಾತ್ರಕ್ಕೆ ಸರ್ವರ್ ಮಟ್ಟದ ಅಧಿಕಾರಗಳೂ ಬಂದವು ಅಂದುಕೊಳ್ಳಬೇಡಿ. ಯಾರಿಗೆ ಯಾವ ರೋಲ್ ಇತ್ತು ಅಂತ ಪಟ್ಟಿ ಮಾಡಿ ತಾಳೆ ನೋಡಿ. ಹಾಗೇ, ಕೆಲಸ ಬಿಟ್ಟು ಹೋದವರ ಲಾಗಿನ್ ತರಬೇಡಿ. ಮನೆ ಬದಲಿಸುವಾಗ ಹಳೇ ಸಾಮಾನು ಬಿಟ್ಟು ಬರ್ತೀವಲ್ಲ, ಹಾಗೆ.

ಬೇರೆ ಡೇಟಾಬೇಸ್‌ಗಳಲ್ಲೂ ಇದೇ ಕಥೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಡೇಟಾಬೇಸ್ ಡಂಪ್ ಮಾಡಿದರೆ ರೋಲ್‌ಗಳು ಬರಲ್ಲ. 'ಪಿಜಿ ಡಂಪ್ ಆಲ್' ಅನ್ನೋದನ್ನು 'ಗ್ಲೋಬಲ್ಸ್ ಓನ್ಲಿ' ಅಂತ ಹೇಳಿ ಬೇರೆಯಾಗಿ ಓಡಿಸಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಹಳೇ 'ನೇಟಿವ್ ಪಾಸ್‌ವರ್ಡ್' ವಿಧಾನವನ್ನು 9.0 ಆವೃತ್ತಿಯಲ್ಲಿ ತೆಗೆದೇ ಹಾಕಿದ್ದಾರೆ. ಆ ವಿಧಾನದ ಖಾತೆಗಳಿದ್ದರೆ ಸಾಗಿಸೋ ಮೊದಲೇ ಬದಲಿಸಿ.

ಕೊನೆಗೆ, ಇದನ್ನೆಲ್ಲ ಹೊಸ ಮಷೀನ್ ಬಂದಾಗ ಮಾಡೋಣ ಅಂತ ಕೂರಬೇಡಿ. ಹಳೇ ಮಷೀನ್ ರಾತ್ರೋರಾತ್ರಿ ಸತ್ತರೆ ಹ್ಯಾಶ್ ಎಲ್ಲಿಂದ ತರ್ತೀರಿ? ಮಾಸ್ಟರ್ ಡೇಟಾಬೇಸನ್ನೂ ಬ್ಯಾಕಪ್‌ಗೆ ಸೇರಿಸಿ. ನಾಳೆ ಆಫೀಸಿಗೆ ಹೋದಾಗ ನಿಮ್ಮ ಐಟಿಯವರನ್ನು ಒಂದೇ ಪ್ರಶ್ನೆ ಕೇಳಿ: 'ಬ್ಯಾಕಪ್‌ನಲ್ಲಿ ನಮ್ಮ ಲಾಗಿನ್‌ಗಳಿವೆಯಾ?' ಉತ್ತರ ಕೊಡೋಕೆ ಅವರು ತಡವರಿಸಿದರೆ ಈ ಸಂಚಿಕೆ ಕಳಿಸಿಕೊಡಿ.