ಹೊಳೆ ಕಾಯುವ ಹನುಮಂತರು



ಕಾಶಿಗೆ ಹೋಗಿ ಬಂದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ವಿಶ್ವನಾಥನ ದರ್ಶನವಾಯಿತು, ಗಂಗೆಯಲ್ಲಿ ಮುಳುಗು ಹಾಕಿದ್ದಾಯಿತು, ಹರಿಶ್ಚಂದ್ರ ಘಾಟಿನ ಹತ್ತಿರ ಕರ್ನಾಟಕ ಘಾಟನ್ನು ಕಂಡು "ಇದು ನಮ್ಮದು" ಅಂತ ಹೆಮ್ಮೆಪಟ್ಟದ್ದೂ ಆಯಿತು. ಆದರೆ ವಾರಾಣಸಿ ಎಂಬ ಹೆಸರಿನ ಅರ್ಧ ಭಾಗವನ್ನು ನೋಡಿಕೊಂಡು ಬಂದಿರಾ?

ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸಿ. ಈ ಎರಡು ನದಿಗಳ ನಡುವಿನ ಊರು ವಾರಾಣಸಿ ಎಂದು ಪುರಾಣಗಳು ಹೇಳುತ್ತವೆ. ಅಸಿಯನ್ನು ನೋಡಬೇಕಾದರೆ ನೀವು ಲಂಕೆಗೆ ಹೋಗಬೇಕು. ಗಾಬರಿ ಬೇಡ, ಸಮುದ್ರ ಹಾರಬೇಕಾಗಿಲ್ಲ, ಆಟೋ ಸಿಗುತ್ತದೆ! ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಎದುರಿನ ಬಡಾವಣೆಗೇ ಲಂಕಾ ಎಂದು ಹೆಸರು. ಅಲ್ಲಿ ನಡೆಯುವ ರಾಮಲೀಲೆಯ ಲಂಕಾ ಪ್ರಸಂಗದಿಂದ ಬಂದ ಹೆಸರಂತೆ. ಅಂದಹಾಗೆ, 1916ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು.

ಲಂಕಾದಿಂದ ಸಂಕಟಮೋಚನ ಹನುಮಂತನ ಗುಡಿಯ ಕಡೆಗೆ ಹೊರಟರೆ ಮನೆಗಳ ಹಿತ್ತಿಲಲ್ಲಿ ಕಪ್ಪು ನೀರಿನ ಕಾಲುವೆಯೊಂದು ಕಾಣುತ್ತದೆ. ಅದೇ ಅಸಿ. ಕೇಳಿದರೆ "ಅಸ್ಸಿ ನಾಲಾ" ಅನ್ನುತ್ತಾರೆ. 1980ರ ದಶಕದಲ್ಲಿ ಅದರ ಬಾಯನ್ನು ಅಸ್ಸಿ ಘಾಟಿನಿಂದ ದಕ್ಷಿಣಕ್ಕೆ, ನಗ್ವಾದ ಕಡೆಗೆ ತಿರುಗಿಸಿದರು. ಹಾಗಾಗಿ ಅಸ್ಸಿ ಘಾಟಿನಲ್ಲಿ ಈಗ ಸಂಜೆಯ ಆರತಿ ಉಂಟು, ಚಹಾ ಉಂಟು, ದೋಣಿ ಉಂಟು. ಅಸಿ ಮಾತ್ರ ಇಲ್ಲ.

ಸಂಕಟಮೋಚನ ಗುಡಿಯ ಮಹಂತರಾಗಿದ್ದ ವೀರಭದ್ರ ಮಿಶ್ರರು ಬೆಳಿಗ್ಗೆ ಗಂಗಾಸ್ನಾನ ಮಾಡುವ ಭಕ್ತರು, ಆಮೇಲೆ ಜಲವಿಜ್ಞಾನ ಪಾಠ ಹೇಳುವ ಇಂಜಿನಿಯರಿಂಗ್ ಪ್ರೊಫೆಸರು. 1982ರಲ್ಲಿ ಸಂಸ್ಥೆ ಕಟ್ಟಿ, 2013ರಲ್ಲಿ ತೀರಿಕೊಳ್ಳುವವರೆಗೂ ಗಂಗೆಗೆ ಬೀಳುವ ಕೊಳಚೆಯ ವಿರುದ್ಧ ಹೋರಾಡಿದರು. ಗಂಗೆಯನ್ನು ತಾಯಿ ಅನ್ನುವವರು ಅದರ ನೀರನ್ನು ಲ್ಯಾಬಿನಲ್ಲಿ ಪರೀಕ್ಷಿಸಲೂಬೇಕು ಎಂದು ನಡೆದು ತೋರಿಸಿದವರು ಅವರು.

ಕಾಶಿಯ ಕಥೆ ನಮಗೇಕೆ ಅಂತೀರಾ? ಮೈಸೂರು ರಸ್ತೆಯ ಗಾಳಿ ಆಂಜನೇಯನನ್ನು ನೆನಪಿಸಿಕೊಳ್ಳಿ. ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬ ಪ್ರತೀತಿಯ ಆ ಗುಡಿ ಇದ್ದದ್ದು ವೃಷಭಾವತಿಯ ದಡದಲ್ಲಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿ, ಅರ್ಕಾವತಿಯನ್ನು ಸೇರಿ, ಕಾವೇರಿಗೆ ಹೋಗುವ ಹೊಳೆ ಅದು. ನಾವು ಮಾತ್ರ "ಮೋರಿ" ಎಂದು ಮೂಗಿಗೆ ಕರ್ಚೀಫು ಹಿಡಿದು ದಾಟುತ್ತೇವೆ. ಅಲ್ಲೊಬ್ಬ ಹನುಮಂತ, ಇಲ್ಲೊಬ್ಬ ಹನುಮಂತ. ಇಬ್ಬರೂ ಕಾಣೆಯಾದ ಹೊಳೆಗಳ ದಡದಲ್ಲಿ ಸಾಕ್ಷಿ ಹೇಳುತ್ತ ನಿಂತಿದ್ದಾರೆ.

ಹಳೆಯ ಕಾಲುವೆಗಳ ನೆನಪಿಗೆ ರಸ್ತೆ ಪಕ್ಕದಲ್ಲಿ ಒಂದು ಕಲ್ಲು ನೆಡಬೇಕು ಅನ್ನುವವರಿದ್ದಾರೆ. ಒಳ್ಳೆಯದೇ. ಆದರೆ ಫಲಕಗಳು ನಮ್ಮಲ್ಲಿ ಈಗಾಗಲೇ ಇವೆ, ಓದುವವರಿಲ್ಲ ಅಷ್ಟೆ. ಮೆಜೆಸ್ಟಿಕ್ ಹತ್ತಿರದ ಟ್ಯಾಂಕ್ ಬಂಡ್ ರಸ್ತೆ ಯಾವ ಕೆರೆಯ ಏರಿ? ಇಂದು ಬಸ್ ನಿಲ್ದಾಣವಾಗಿರುವ ಧರ್ಮಾಂಬುಧಿಯದು. ಸಂಪಂಗಿ ಕೆರೆ ಎಲ್ಲಿ? ಕಂಠೀರವ ಕ್ರೀಡಾಂಗಣದ ಕೆಳಗೆ.

ನದಿ ಎಂದರೆ ಅದಕ್ಕೊಂದು ದಡ ಬಿಡಬೇಕಾಗುತ್ತದೆ. ಮೋರಿ ಎಂದರೆ ಮೇಲೊಂದು ಚಪ್ಪಡಿ ಎಳೆದರಾಯಿತು. ಹೆಸರು ಕಳಚಿದ ದಿನವೇ ಒತ್ತುವರಿ ಶುರು. ಆದರೆ ನೀರಿಗೆ ತನ್ನ ವಿಳಾಸ ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳೊಳಗೆ ದೋಣಿ, ಟ್ರ್ಯಾಕ್ಟರು ಓಡಾಡಿದ್ದನ್ನು ನೋಡಿದ್ದೀರಲ್ಲ, ಅದು ರಾಜಕಾಲುವೆ ತನ್ನ ಜಾಗ ಕೇಳಲು ಬಂದ ದಿನ.

ಅಸಿ ಮತ್ತು ವರುಣೆಯ ಪುನಶ್ಚೇತನದ ಪ್ರಶ್ನೆ 2021ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಕೋರ್ಟು ಕಚೇರಿಗಳ ಕೆಲಸ ಅಲ್ಲಿ ನಡೆಯಲಿ. ನಿಮ್ಮಿಂದ ನಾನು ಕೇಳುವುದು ಚಿಕ್ಕ ಕೆಲಸ. ಈ ಭಾನುವಾರ ನಿಮ್ಮ ಬೀದಿಯ ಹಿರಿಯರೊಬ್ಬರನ್ನು ಮಾತಾಡಿಸಿ. ಮನೆ ಹಿಂದಿನ ಆ ಮೋರಿಯಲ್ಲಿ ಮೊದಲು ಯಾವ ನೀರು ಹರಿಯುತ್ತಿತ್ತು, ಅದಕ್ಕೆ ಏನು ಹೆಸರಿತ್ತು, ಕೇಳಿ ಬರೆದುಕೊಳ್ಳಿ. ಮಕ್ಕಳಿಗೆ ಆ ಹೆಸರನ್ನೇ ಹೇಳಿಕೊಡಿ.

ಆ ಹೆಸರು ನಮಗೂ ಬರೆದು ಕಳಿಸಿ. ಗಾಳಿಯಲ್ಲಿ ಒಂದು ಸಲ ಕೂಗಿ ಹೇಳೋಣ.